ಓದುಗರ ಪ್ರಶ್ನೆ: ಮೋಶೆ ಎಂಬುದು ಈಜಿಪ್ಟಿನ ಹೆಸರೇ?

ಪ್ರಶ್ನೆ: ವಿಮೋಚನಕಾಂಡ 2:10ರ ಪ್ರಕಾರ, ನೀರಿನಿಂದ ಎಳೆದದ್ದಕ್ಕೆ ಮಗುವಿಗೆ ಮೋಶೆ ಎಂದು ಹೆಸರಿಟ್ಟರು. ಕೆಲವರು ಅದು ಈಜಿಪ್ಟಿನ ಹೆಸರು ಎನ್ನುತ್ತಾರೆ. ಯಾವುದು ಸರಿ? ಅಂಥ ಹೆಸರುಗಳನ್ನು ಗುರುತಿಸುವುದು ಹೇಗೆ?

ಉತ್ತರ: ಮೋಶೆಗಿಂತ ಮೊದಲು ಆರೋನನ ಮೊಮ್ಮಗ ಫೀನೆಹಾಸನ ಹೆಸರನ್ನು ನೋಡಿ. ಅದು ಈಜಿಪ್ಟಿನ ‘ಪಾ-ನೆಹ್ಸಿ’. ‘ಪಾ’ ಎಂದರೆ ‘ಆ’, ‘ನೆಹ್ಸಿ’ ಎಂದರೆ ಈಜಿಪ್ಟಿನ ದಕ್ಷಿಣಕ್ಕಿರುವ ನೂಬಿಯಾದವನು. ಈ ಹೆಸರಿನ ಒಬ್ಬ ಅಧಿಕಾರಿಯ ಸಮಾಧಿ ಈಜಿಪ್ಟಿನ ಪ್ರಾಚೀನ ನಗರ ಅಮಾರ್ನಾದಲ್ಲೇ ಇದೆ. ಹೀಬ್ರೂವಿನಲ್ಲಿ ಪೇ, ನೂನ್, ಹೇತ್, ಸಾಮೆಖ್ ಅಕ್ಷರಗಳು ಈಜಿಪ್ಟಿನ ವ್ಯಂಜನಗಳ ಎದುರು ಒಂದೊಂದಾಗಿ ಕೂರುತ್ತವೆ.

ಪರೀಕ್ಷಿಸುವ ಕ್ರಮ ಇದೇ. ಹೀಬ್ರೂ ವ್ಯಂಜನಗಳನ್ನು ಮಾತ್ರ ಬರೆದುಕೊಳ್ಳಿ. ಸ್ವರಚಿಹ್ನೆಗಳು ಬಹಳ ತಡವಾಗಿ ಸೇರಿದವು. ಈಜಿಪ್ಟಿನ ‘ಸ’ಕ್ಕೆ ಸಾಮೆಖ್, ‘ಶ’ಕ್ಕೆ ಶಿನ್ ಬರುವುದು ವಾಡಿಕೆ. ‘ದ’ಕ್ಕೆ ಹಲವು ಬಾರಿ ಟೇತ್ ಬರುತ್ತದೆ. ಬಳಿಕ ಆ ಹೆಸರಿನ ಮಾದರಿ ಈಜಿಪ್ಟಿನ ಶಾಸನಗಳಲ್ಲಿ ಇದೆಯೇ ನೋಡಿ. ಅರ್ಥ ಕೊನೆಗೆ. ಅರ್ಥದಿಂದಲೇ ಹೊರಟವರು ಯಾವ ಹೆಸರನ್ನು ಬೇಕಾದರೂ ಈಜಿಪ್ಟಿನದು ಮಾಡಿಬಿಡುತ್ತಾರೆ. ಕನ್ನಡ ಬೈಬಲಿನ ರೂಪವನ್ನಂತೂ ಆಧಾರವಾಗಿ ಹಿಡಿಯಬೇಡಿ: ಹೀಬ್ರೂವಿನ ಐನ್ ಎಂಬ ಗಂಟಲಧ್ವನಿಗೆ ನಮ್ಮಲ್ಲಿ ಅಕ್ಷರವಿಲ್ಲ, ಹೇತ್ ಮತ್ತು ಹೇ ಎರಡೂ ‘ಹ’ ಆಗುತ್ತವೆ.

ಆ ಐನ್ ಎಷ್ಟು ಮುಖ್ಯ ಎಂಬುದು ಯೋಸೇಫನ ಮಾವನ ಹೆಸರಿನಲ್ಲಿ ಕಾಣುತ್ತದೆ. ಪೋಟೀಫೆರ ಮೂಲದಲ್ಲಿ ‘ಪಾ-ದಿ-ಪಾ-ರಾ’, ‘ರಾ ದೇವರು ಕೊಟ್ಟವನು’. ನಮ್ಮ ದೇವದತ್ತನ ಹಾಗೆ. ಕೊನೆಯ ಐನ್ ‘ರಾ’ ಎಂಬ ಸೂರ್ಯದೇವರದು. ಆತ ಸೂರ್ಯಾರಾಧನೆಯ ಊರಾದ ಓನ್‌ನ ಯಾಜಕ ಎಂಬುದೂ ಇದಕ್ಕೆ ಹೊಂದುತ್ತದೆ. ಮಗಳು ಆಸನತಳ ಹೆಸರಿನ ಕೊನೆಯಲ್ಲಿರುವುದು ನೇತ್ ದೇವತೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಈಗ ಮೋಶೆ. ‘ಮೆಸ್’ ಎಂದರೆ ಹುಟ್ಟು. ಥುತ್‌ಮೋಸ್, ಅಹ್ಮೋಸ್ ಎಂಬ ಈಜಿಪ್ಟಿನ ಅರಸರ ಹೆಸರುಗಳಲ್ಲಿರುವುದು ಅದೇ, ಅದೊಂದೇ ಹೆಸರಾಗಿಯೂ ಬಳಕೆಯಲ್ಲಿತ್ತು. ತೊಡಕು ‘ಶ’ದ್ದು. ಅದೇ ಧಾತುವಿರುವ ರಮ್ಸೇಸ್ ಹೆಸರನ್ನು ಹೀಬ್ರೂ ಎರಡು ಸಾಮೆಖ್ ಹಾಕಿ ಬರೆಯುತ್ತದೆ, ಮೋಶೆಯಲ್ಲಿ ಮಾತ್ರ ಶಿನ್. ಬಹಳ ಹಿಂದೆಯೇ ಎರವಲು ಬಂದದ್ದರಿಂದ ಹೀಗಾಯಿತು ಎಂಬುದು ಒಂದು ವಿವರಣೆ. ‘ಮಾಶಾ’, ಅಂದರೆ ಎಳೆ, ಎಂಬ ಹೀಬ್ರೂ ಕ್ರಿಯಾಪದಕ್ಕೆ ಹೊಂದಿಸಿದರು ಎಂಬುದು ಇನ್ನೊಂದು. ಆ ಕ್ರಿಯಾಪದದಿಂದ ನೋಡಿದರೂ ‘ಮೋಶೆ’ ಎಂದರೆ ‘ಎಳೆಯುವವನು’ ಆಗುತ್ತದೆಯೇ ಹೊರತು ‘ಎಳೆಯಲ್ಪಟ್ಟವನು’ ಆಗುವುದಿಲ್ಲ. ಹಾಗಾಗಿ 2:10ರ ವಿವರಣೆ ಹೆಸರಿನ ಸದ್ದನ್ನು ಹಿಡಿದು ಹೇಳಿದ್ದು. ಈಜಿಪ್ಟ್ ಮೂಲವೇ ಹೆಚ್ಚು ಸಂಭವನೀಯ ಎನ್ನುತ್ತೇವೆ, ಆದರೆ ಫೀನೆಹಾಸನಷ್ಟು ಗಟ್ಟಿಯಲ್ಲ.

ಪ್ರಶ್ನೆ: ಹಾಗಾದರೆ ಫರೋಹ, ಶೀಶಕ?

ಉತ್ತರ: ಫರೋಹ ವ್ಯಕ್ತಿಯ ಹೆಸರಲ್ಲ, ‘ಪೆರ್-ಆ’, ದೊಡ್ಡ ಮನೆ, ಅಂದರೆ ಅರಮನೆ. ಅದೇ ರಾಜನ ಬಿರುದಾಯಿತು. ಶೀಶಕ ಎಂದರೆ ಶೋಶೆಂಕ್. ನಡುವಿನ ‘ನ’ ಹೀಬ್ರೂವಿನಲ್ಲಿ ಬಿದ್ದುಹೋಗಿದೆ. ಅವನು ಈಜಿಪ್ಟನ್ನು ಆಳಿದರೂ ಹೆಸರು ಲಿಬಿಯಾ ಮೂಲದ್ದು. ಬೈಬಲಿನ ಇನ್ನೊಬ್ಬ ಅರಸ ತಿರ್ಹಾಕನ ಹೆಸರೂ ಹೊರಗಿನದೇ: ಅವನು ಕೂಷ್, ಅಂದರೆ ನೂಬಿಯಾ, ವಂಶದ ತಹಾರ್ಕ. ಯೆರೆಮೀಯ 44:30ರ ಫರೋಹ ಹೊಫ್ರನದು ಮಾತ್ರ ಅಪ್ಪಟ ಈಜಿಪ್ಟ್ ಹೆಸರು: ‘ವಾಹ್-ಇಬ್-ರಾ’.