ಓದು ಬಿಟ್ಟು ಮನೆಗೆ ಬರಲೇ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಕೊರಗ ಸಮುದಾಯದ ಹುಡುಗಿ. ಕನ್ನಡ ಮಾಧ್ಯಮದಲ್ಲಿ ಓದಿ ಈಗ ದೂರದ ಊರಿನಲ್ಲಿ ಪದವಿಗೆ ಸೇರಿದ್ದೇನೆ. ಪುಸ್ತಕ ಇಂಗ್ಲಿಷ್, ವಿವರಣೆ ಮಲಯಾಳ. ಪರಿಶಿಷ್ಟ ಪಂಗಡದವರ ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದ ಮೇಲೆ ಕೆಲವರು ನನ್ನ ಪಕ್ಕ ಕೂರುವುದಿಲ್ಲ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ಓದು ಬಿಟ್ಟು ಬರಲೇ?

ಉತ್ತರ: ಮಗಳೇ, ಆ ಪಟ್ಟಿ ಓದಿದವರ ಮೇಲೆ ನನಗೆ ತುಂಬ ಸಿಟ್ಟು ಬಂತು. ತಲೆ ತಗ್ಗಿಸಬೇಕಾದವಳು ನೀನಲ್ಲ.

ಮೊದಲು ನಿದ್ದೆ, ಊಟದ ವಿಷಯ. ಇದು ನಿನ್ನ ದೌರ್ಬಲ್ಯವಲ್ಲ. ಅವಮಾನ, ಒಂಟಿತನ ದೇಹವನ್ನೂ ಹಿಂಡುತ್ತವೆ. ಇಂದೇ 14416ಕ್ಕೆ ಕರೆ ಮಾಡು. ಇದು ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್; ಹಗಲಿರುಳೂ ಉಚಿತ. ಕನ್ನಡದಲ್ಲಿ ಮಾತನಾಡುವವರು ಬೇಕೆಂದು ಕೇಳು. ಬದುಕೇ ಬೇಡವೆನಿಸಿದರೆ ಒಂದು ಕ್ಷಣವೂ ಒಬ್ಬಳೇ ಇರಬೇಡ, ಹಾಸ್ಟೆಲಿನಲ್ಲಿ ಯಾರನ್ನಾದರೂ ಎಬ್ಬಿಸು. ಕೇರಳದ ಸರಕಾರಿ ಕಾಲೇಜುಗಳಲ್ಲಿ ‘ಜೀವನಿ’ ಆಪ್ತಸಮಾಲೋಚನೆ ಇದೆ. ನಿನ್ನದು ಸರಕಾರಿ ಕಾಲೇಜಾದರೆ ವಿಚಾರಿಸು.

ಪಟ್ಟಿಯ ವಿಷಯವನ್ನು ಪ್ರಾಂಶುಪಾಲರಿಗೆ ದಿನಾಂಕ ಸಹಿತ ಬರೆದು ಕೊಡು, ಪ್ರತಿ ಇಟ್ಟುಕೊ. ಜಾತಿ ತಾರತಮ್ಯ ತಡೆಯಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2012ರಲ್ಲೇ ನಿಯಮ ತಂದಿದೆ. ಒಬ್ಬಳೇ ಹೋಗಲು ಅಳುಕಾದರೆ ನಿಮ್ಮ ಊರಿನ ಎಸ್‌ಟಿ ಪ್ರಮೋಟರ್ (ಪರಿಶಿಷ್ಟ ಪಂಗಡದವರಿಗೆ ನೆರವಾಗಲು ಸರಕಾರ ನೇಮಿಸಿದ ಕಾರ್ಯಕರ್ತರು) ಅವರನ್ನು ಕರೆದುಕೊಂಡು ಹೋಗು.

ಓದು ಬಿಡುವ ತೀರ್ಮಾನವನ್ನು ನಿದ್ದೆಗೆಟ್ಟ ರಾತ್ರಿಯಲ್ಲಿ ಮಾಡಬೇಡ. ಅಲ್ಲಿ ಉಸಿರು ಕಟ್ಟುವಂತಿದ್ದರೆ ಕಾಲೇಜು ಬದಲಿಸಬಹುದು, ಅದರಲ್ಲಿ ಸೋಲೇನೂ ಇಲ್ಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ. ವರ್ಗಾವಣೆ ಸಾಧ್ಯವೇ ಎಂದು ಅಲ್ಲಿನ ಅಧ್ಯಾಪಕರನ್ನು ಕೇಳು.