ಓದುಗರ ಪ್ರಶ್ನೆ, ಗುಮಾಸ್ತರ ಉತ್ತರ: ಅಜ್ಜಿಮನೆ ಕಾದಂಬರಿ ಬರೆಯಬಹುದೇ?

ಪ್ರಶ್ನೆ: ಈಚಿನ ಹೊಸ ಕಾದಂಬರಿಗಳೆಲ್ಲ ಊರು, ಮನೆತನ, ಅಜ್ಜಿ ಅಂತಲೇ ಸುತ್ತುತ್ತವೆ. ನಾನೂ ನಮ್ಮ ಮನೆತನದ ಕಥೆಯನ್ನೇ ಶುರುಮಾಡಿದ್ದೇನೆ. ‘ಇನ್ನೊಂದು ಅಜ್ಜಿಮನೆಯೇ?’ ಎಂದು ಸ್ನೇಹಿತರು ನಗುತ್ತಾರೆ. ಬಿಟ್ಟುಬಿಡಲೇ?
(ಪುತ್ತೂರಿನ ಓದುಗರು)

ಉತ್ತರ: ಬಿಡಬೇಡಿ. ಆದರೆ ಪತ್ರದ ಜೊತೆ ನೀವು ಕಳಿಸಿದ ಪುಟಗಳನ್ನು ಓದಿದೆ. ಅಂಗಳವಿದೆ, ಹಲಸಿನ ಹಪ್ಪಳವಿದೆ, ಮಳೆಯಂತೂ ಬಿಡದೆ ಸುರಿಯುತ್ತದೆ. ತೋಟ ಯಾರ ಹೆಸರಿನಲ್ಲಿದೆ ಅನ್ನುವುದು ಮಾತ್ರ ಎಲ್ಲೂ ಇಲ್ಲ.

ನಿವೃತ್ತಿಯ ತನಕ ಉಪನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಆ ಚಟ ಹೋಗುವುದಿಲ್ಲ, ಏನು ಮಾಡಲಿ! ಮನೆತನದ ಬಣ್ಣ ಬಯಲಾಗುವುದು ಪಾಲುಪಟ್ಟಿಯಲ್ಲಿ. ಒಂದು ಪಟ್ಟಿ ಈಗಲೂ ನೆನಪಿದೆ: ಬಾವಿ ನೀರಿಗೆ ಮೂವರಿಗೂ ಹಕ್ಕು, ಹಿತ್ತಲ ಹಲಸಿನ ಮರ ಎರಡನೆಯವನಿಗೆ, ತಾಯಿ ಬದುಕಿರುವ ತನಕ ಅದರ ಕಾಯಿ ತಾಯಿಗೆ. ಆ ಮುದುಕಿ ಮರದ ಕೆಳಗೆ ಕೋಲು ಹಿಡಿದು ಕೂತು ಎರಡನೆಯ ಸೊಸೆಯನ್ನು ಕಾಯುವುದು ನನಗೆ ಕಾಣುತ್ತದೆ. ನಿಮ್ಮ ಅಜ್ಜಿ ಹಪ್ಪಳ ಒತ್ತುತ್ತಾರಲ್ಲ, ಹಲಸು ಯಾರ ಪಾಲಿನದು?

ಹೆಣ್ಣುಮಕ್ಕಳ ವಿಷಯ ಇನ್ನೂ ದೊಡ್ಡದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ ಕಾಯಿದೆ ತಿದ್ದಿದ್ದು 1994ರಲ್ಲಿ. ಅದರೊಳಗೂ, ಅಷ್ಟರಲ್ಲಾಗಲೇ ಮದುವೆಯಾಗಿದ್ದವರು ಹೊರಗೆ. ಅವರನ್ನೂ ಒಳಗೆ ತಂದದ್ದು 2005ರ ಕೇಂದ್ರದ ತಿದ್ದುಪಡಿ. ಆಮೇಲೆ ನಮ್ಮ ಕಚೇರಿಗೆ ಅಕ್ಕತಂಗಿಯರ ಸಾಲು ಶುರುವಾಯಿತು, ಪಾಲು ತಗೊಳ್ಳಲಿಕ್ಕಲ್ಲ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿಕ್ಕೆ. ಅಣ್ಣ ಕೊಡಿಸಿದ ಹೊಸ ಸೀರೆ ಉಟ್ಟಿರುತ್ತಿದ್ದರು. ಪತ್ರದಲ್ಲಿ ‘ಅರಿಸಿನ ಕುಂಕುಮದ ಬಾಬ್ತು’ ಅಂತ ಒಂದು ಸಣ್ಣ ಮೊತ್ತ. ಸಹಿಯಾದ ಮೇಲೆ ಎದುರಿನ ಹೋಟೆಲಿನಲ್ಲಿ ಎಲ್ಲರಿಗೂ ಮಸಾಲೆ ದೋಸೆ. ಒಬ್ಬಾಕೆ ಸಹಿ ಮಾಡಿದ ಪೆನ್ನನ್ನು ವಾಪಸು ಕೊಡದೆ, ನನ್ನ ಮುಖವನ್ನೇ ನೋಡುತ್ತ ಬ್ಯಾಗಿಗೆ ಹಾಕಿಕೊಂಡಳು. ನನ್ನ ಪೆನ್ನು ಅದು. ಕೇಳಲಿಲ್ಲ.

ನಿಮ್ಮ ಜಿಲ್ಲೆಯವರಿಗೆ 1974 ಬೇರೆ ಉಂಟು. ಭೂಸುಧಾರಣೆ ಬಂದು ಗೇಣಿ ಒಕ್ಕಲುಗಳು ತಾವು ಉಳುವ ನೆಲ ತಮಗೆ ಸೇರಬೇಕೆಂದು ‘ಡಿಕ್ಲರೇಶನ್’ ಅರ್ಜಿ ಹಾಕಿದಾಗ ಧಣಿಗಳ ಮನೆಯಲ್ಲಿ ಅದು ಉಂಡ ಮನೆಗೆ ಬಗೆದ ಎರಡು. ಗದ್ದೆಯ ಆಚೆ ಬದಿಯ ಮನೆಯಲ್ಲಿ ಮೊದಲ ಬಾರಿ ಸ್ವಂತ ನೆಲ. ನೀವು ‘ಕಾಲ ಬದಲಾಯಿತು’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಯಾರ ಕಾಲ ಸ್ವಾಮಿ? ನಿಮ್ಮ ಪುತ್ತೂರಿನಲ್ಲೇ ಬಾಳಿದ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರು ಬರೆದರು. ಅಲ್ಲಿಯ ಪಾರೋತಿ, ಸರಸೋತಿಯರು ನೆನಪಿನಲ್ಲಿ ಉಳಿದಿರುವುದು ಅವರ ಸಂಸ್ಕೃತಿಯ ವರ್ಣನೆಯಿಂದಲ್ಲ, ಗದ್ದೆಯಲ್ಲಿ ಸವೆಸಿದ ಮೈಯಿಂದ. ಒಕ್ಕಲಿನ ಮಗನಿಗೂ ಒಂದು ಅಧ್ಯಾಯ ಕೊಡಿ. ನಗುವ ಸ್ನೇಹಿತರಿಗೆ ಅದನ್ನೇ ಮೊದಲು ಓದಲು ಕೊಡಿ.

ಪ್ರಶ್ನೆ: ಬೆಂಗಳೂರಿನ ಫ್ಲಾಟಿನಲ್ಲಿ ಬೆಳೆದವಳು ನಾನು. ಅಮ್ಮನ ಮನೆಮಾತು ಕೊಂಕಣಿ, ಅಪ್ಪನದು ಕನ್ನಡ. ‘ನಮ್ಮೂರು’ ಅನ್ನಲಿಕ್ಕೆ ನನಗೆ ಊರೇ ಇಲ್ಲ. ಇಂಥವಳು ಏನು ಬರೆಯಬೇಕು?
(ಓದುಗರು, ಬೆಂಗಳೂರು)

ಉತ್ತರ: ಆ ಫ್ಲಾಟನ್ನೇ ಬರೆಯಿರಿ ತಾಯಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಯಾವ ಹಳ್ಳಿ ಇದೆ? ಬೆಂಗಳೂರಿನ ಇಕ್ಕಟ್ಟಿನ ಮನೆ, ಅದರೊಳಗೆ ಇರುವೆ, ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡು. ದುಡಿಯುವವನಿಗೆ ಚಹಾ ಮೊದಲು ಬರುವ ಮನೆ ನೀವೂ ನೋಡಿರುತ್ತೀರಿ. ನಿಮ್ಮಲ್ಲಿ ಇನ್ನೊಂದು ಅನುಕೂಲವಿದೆ: ಅಪ್ಪ ಎದುರಿಗಿದ್ದಾಗ ಅಮ್ಮ ತನ್ನ ತವರಿಗೆ ಫೋನಿನಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಾರೆ? ಅಪ್ಪನ ಅಮ್ಮ ಬಂದಾಗ ಅಡುಗೆಮನೆಯ ಮೀನಿನ ಬಾಣಲೆ ಎಲ್ಲಿಗೆ ಹೋಗುತ್ತದೆ? (ಇಲ್ಲ, ಎರಡೂ ಕಡೆ ಮೀನು ತಿನ್ನುವವರೇ ಆದರೆ ನಾನು ಸುಮ್ಮನೆ ಊಹೆ ಮಾಡಿದೆ ಅಂದುಕೊಳ್ಳಿ.) ಊರಿಲ್ಲವೆಂದು ಕೊರಗಿ ಬೇರೆಯವರ ಊರಿನ ಜಾತ್ರೆ, ತೇರು ತಂದು ತುರುಕಬೇಡಿ. ಓದುಗರಿಗೆ ಕೂಡಲೇ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಕಡೆಯ ಮಾತಿನಲ್ಲೇ ಇಡೀ ಕಾದಂಬರಿ ಬರೆದರೆ ಮೈಸೂರು ಸೀಮೆಯವರಿಗೆ ತಿಳಿಯುತ್ತದೆಯೇ? ಕೊನೆಗೆ ಪದಕೋಶ ಸೇರಿಸಲೇ?
(ಸಿಂದಗಿಯ ಓದುಗರು)

ಉತ್ತರ: ಪದಕೋಶ ಬೇಡ. ದೇವನೂರ ಮಹಾದೇವ 1984ರಲ್ಲಿ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದಾಗ ನಿಮ್ಮ ಕಡೆಯವರು ಕಷ್ಟಪಟ್ಟೇ ಓದಿದರು. ಈಗ ಮೈಸೂರಿನವರು ಸ್ವಲ್ಪ ಕಷ್ಟಪಡಲಿ, ಲೆಕ್ಕ ಸರಿಹೋಗುತ್ತದೆ. ಆದರೆ ಪ್ರತಿ ಸಾಲಿಗೂ ‘ಯವ್ವಾ’, ‘ಹೌದಲ್ರೀ’ ಸುರಿದರೆ ಅದು ಟೀವಿ ಸೀರಿಯಲ್ಲು. ನಿಮ್ಮ ಗೌಡ್ತಿ ಸೊಸೆಯೆದುರು ಆಡುವ ಮಾತನ್ನೂ ತಹಸೀಲ್ದಾರರ ಮುಂದೆ ನಿಂತು ಆಡುವ ಮಾತನ್ನೂ ಪಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿ ನೋಡಿ. ಎರಡೂ ಒಂದೇ ಥರ ಕೇಳಿಸಿದರೆ ಕೂತು ತಿದ್ದಿ, ಆಮೇಲೆ ಕಳಿಸಿ.