ಸಂಘದ ವೆಬ್‌ಸೈಟ್: ಬೀಗದ ಕೈ ಯಾರ ಹತ್ತಿರ ಇದೆ?

ಪ್ರಶ್ನೆ: ನಮ್ಮದು ತಾಲ್ಲೂಕು ಮಟ್ಟದ ಸಾಹಿತ್ಯ ಸಂಘ. ಸದಸ್ಯರೊಬ್ಬರ ಮಗ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಈಗ ಅವನು ಹೊರದೇಶದಲ್ಲಿದ್ದಾನೆ, ಫೋನ್ ಎತ್ತುವುದಿಲ್ಲ. ಮೂರು ವರ್ಷದ ಹಿಂದಿನ ಆಮಂತ್ರಣವೇ ಇನ್ನೂ ಮೊದಲ ಪುಟದಲ್ಲಿದೆ. ಹೊಸದು ಮಾಡಿಸೋಣವೆಂದರೆ, ಯಾವ ಸಾಫ್ಟ್‌ವೇರಿನಲ್ಲಿ ಕಟ್ಟಿಸುವುದು ಅಂತ ಒಬ್ಬರು ವರ್ಡ್‌ಪ್ರೆಸ್ ಅನ್ನುತ್ತಾರೆ, ಇನ್ನೊಬ್ಬರು ಡ್ರುಪಲ್ ಅನ್ನುತ್ತಾರೆ. ಖಜಾಂಚಿಯವರದ್ದು ಒಂದೇ ಮಾತು: ‘ಓಪನ್ ಸೋರ್ಸ್ ಅಂದ್ರೆ ಪುಕ್ಕಟೆ ತಾನೆ, ದುಡ್ಡು ಯಾಕೆ?’
– ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ಖಜಾಂಚಿಯವರ ಮಾತು ಅರ್ಧ ಸರಿ. 2003ರಲ್ಲಿ ಬಂದ ವರ್ಡ್‌ಪ್ರೆಸ್, 2001ರ ಡ್ರುಪಲ್ ಎರಡೂ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನವು. ಇಳಿಸಿಕೊಳ್ಳಲು, ತಿದ್ದಿಕೊಳ್ಳಲು ಯಾರಿಗೂ ಕಾಸು ಕೊಡಬೇಕಿಲ್ಲ. ಆದರೆ ಡೊಮೇನ್ ಹೆಸರಿಗೆ (ಸೈಟಿನ ವಿಳಾಸ), ಹೋಸ್ಟಿಂಗ್‌ಗೆ (ಸೈಟು ಇರುವ ಬಾಡಿಗೆ ಜಾಗ) ವರ್ಷವರ್ಷ ಕಟ್ಟಲೇಬೇಕು, ನೋಡಿಕೊಳ್ಳುವವರಿಗೂ ಏನಾದರೂ ಕೊಡಬೇಕಲ್ವಾ?

ನಿಮಗೆ ವರ್ಡ್‌ಪ್ರೆಸ್ ಸಾಕು. ಡ್ರುಪಲ್ ಗಟ್ಟಿ ಸಾಫ್ಟ್‌ವೇರ್, ದೊಡ್ಡ ಸಂಸ್ಥೆಗಳಿಗೆ ಒಳ್ಳೆಯದು, ಆದರೆ ಅದನ್ನು ಬಲ್ಲವರು ಊರಲ್ಲಿ ಸಿಗಬೇಕು. ಡ್ರುಪಲ್ 7ಕ್ಕೆ 2025ರ ಜನವರಿಯಲ್ಲಿ ಬೆಂಬಲ ನಿಂತಿತು. ಅದರಲ್ಲೇ ಇದ್ದವರಿಗೆ ಮುಂದಿನ ಆವೃತ್ತಿಗೆ ಹೋಗುವುದೆಂದರೆ ಹೆಚ್ಚುಕಡಿಮೆ ಮನೆ ಕೆಡವಿ ಕಟ್ಟಿದ ಹಾಗೆ. ವರ್ಡ್‌ಪ್ರೆಸ್ ಸಣ್ಣ ಸಣ್ಣ ಭದ್ರತಾ ಅಪ್‌ಡೇಟ್‌ಗಳನ್ನು 2013ರಿಂದ ತಾನೇ ಹಾಕಿಕೊಳ್ಳುತ್ತದೆ. ಪ್ಲಗಿನ್‌ಗಳ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್) ಮೇಲೆ ಮಾತ್ರ ನೀವೇ ಕಣ್ಣಿಡಬೇಕು, ಬೇಡದ್ದನ್ನು ಸುಮ್ನೆ ಆಫ್ ಮಾಡಿದರೆ ಸಾಲದು, ಅಳಿಸಿಬಿಡಿ. ದುಡ್ಡಿನ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ‘ಫ್ರೀಯಾಗಿ ಹಾಕಿಕೊಡ್ತೀನಿ ಸಾರ್’ ಅಂದವರನ್ನು ದೂರ ಇಡಿ. ಅಂಥ ಕದ್ದ ಥೀಮ್‌ಗಳಲ್ಲಿ ಎಷ್ಟೋ ಸಲ ಕಳ್ಳರು ಸೈಟಿನೊಳಗೆ ನುಗ್ಗಲು ಹಿಂಬಾಗಿಲು ಇಟ್ಟಿರುತ್ತಾರೆ.

ಕನ್ನಡದ್ದೇ ಎರಡು ತಲೆನೋವು ಇವೆ. ಹಳೆಯ ವರದಿಗಳು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದರೆ ನೇರವಾಗಿ ಅಂಟಿಸಬೇಡಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಡೆ ಓದಲು ಬರುವ ಅಕ್ಷರ ಸಂಕೇತಕ್ಕೆ, ಬದಲಾಯಿಸಿ. ಇನ್ನೊಂದು ಲಿಂಕಿನದು. ಶೀರ್ಷಿಕೆ ಕನ್ನಡದಲ್ಲಿ ಬರೆದರೆ ವರ್ಡ್‌ಪ್ರೆಸ್ ಅದನ್ನೇ ಲಿಂಕ್ ಮಾಡುತ್ತದೆ. ಒಳಗೆ ಒಂದು ಅಕ್ಷರಕ್ಕೆ, ಒತ್ತು ಕೊಂಬುಗಳಿಗೂ ಬೇರೆಬೇರೆಯಾಗಿ, ಒಂಬತ್ತೊಂಬತ್ತು ಚಿಹ್ನೆ ಹಿಡಿಯುತ್ತದೆ. ಇರುವ ಜಾಗವೇ 200 ಚಿಹ್ನೆ, ಹಾಗಾಗಿ ಉದ್ದದ ಶೀರ್ಷಿಕೆ ಲಿಂಕಿನಲ್ಲಿ ಸುಮಾರು ಇಪ್ಪತ್ತೆರಡು ಅಕ್ಷರ-ಗುರುತುಗಳಿಗೇ ತುಂಡಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಅಂಟಿಸಿದರಂತೂ ಬರೀ ಶೇಕಡಾ ಗುರುತುಗಳ ಸಾಲು. ನಾನು ಒಮ್ಮೆ ಹಾಗೆ ಕಳಿಸಿದ್ದಕ್ಕೆ ನಮ್ಮ ಗುಂಪಿನ ಹಿರಿಯರೊಬ್ಬರು ‘ವೈರಸ್ಸಾ ಇದು?’ ಅಂತ ಕೇಳಿದ್ದರು! ಪ್ರಕಟಿಸುವ ಮೊದಲೇ ಲಿಂಕನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆದುಬಿಡಿ.

ಆದರೆ ನಿಮ್ಮ ಸೈಟು ನಿಂತುಹೋಗಿದ್ದು ಸಾಫ್ಟ್‌ವೇರಿನಿಂದಲ್ಲ, ಬೀಗದ ಕೈ ಒಬ್ಬನ ಜೇಬಿನಲ್ಲಿ ಇದ್ದದ್ದರಿಂದ. ಡೊಮೇನ್, ಹೋಸ್ಟಿಂಗ್ ಎರಡೂ ಸಂಘದ ಹೆಸರಲ್ಲಿ, ಸಂಘದ್ದೇ ಇಮೇಲ್‌ನಲ್ಲಿ ಇರಲಿ. ನಿಮ್ಮ ಸ್ವಂತ ಇಮೇಲ್ ಕೊಡಬೇಡಿ, ಮುಂದಿನ ಚುನಾವಣೆಯಲ್ಲಿ ಕಾರ್ಯದರ್ಶಿ ಬದಲಾಗಬಹುದು. ಅಡ್ಮಿನ್ ಅಧಿಕಾರ ಇಬ್ಬರಿಗೆ ಸಾಕು, ಸುದ್ದಿ ಫೋಟೊ ಹಾಕುವವರಿಗೆ ‘ಆಥರ್’ (ಬರಹಗಾರ) ಅಧಿಕಾರ ಕೊಟ್ಟರಾಯಿತು. ಬ್ಯಾಕಪ್ ತೆಗೆಯುವಾಗ ಫೈಲುಗಳ ಜೊತೆ ಡೇಟಾಬೇಸನ್ನೂ ತೆಗೆದಿಡಬೇಕು, ಬರಹಗಳೆಲ್ಲ ಇರುವುದು ಅದರಲ್ಲೇ.

ಕೊಟೇಶನ್ ಕೇಳುವ ಮೊದಲು ಈಗಿನ ಡೊಮೇನ್ ಯಾರ ಹೆಸರಲ್ಲಿದೆ, ಅವಧಿ ಎಂದು ಮುಗಿಯುತ್ತದೆ ನೋಡಿಕೊಳ್ಳಿ. ಕೈತಪ್ಪಿದರೆ ಬೇರೆ ಯಾರು ಬೇಕಾದರೂ ಕೊಳ್ಳಬಹುದು. ಆ ಹುಡುಗ ಫೋನ್ ಎತ್ತದಿದ್ದರೇನಂತೆ, ಅವನ ಅಪ್ಪ ಸಂಘದ ಸದಸ್ಯರೇ ಅಲ್ವಾ? ಮುಂದಿನ ಸಭೆಗೆ ಬಂದಾಗ ಅವರ ಫೋನಿನಿಂದಲೇ ವಿಡಿಯೊ ಕಾಲ್ ಮಾಡಿಸಿ.